ಹಿಂದಿನ ಎಡ ಬಾಗಿಲ ಗಾಜು

ದೊಡ್ಡಪ್ಪನ ಕಾರಿನ ಹಿಂದಿನ ಎಡ ಬಾಗಿಲ ಗಾಜು ಅರ್ಧಕ್ಕೆ ನಿಂತುಹೋಗಿತ್ತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಅದು ಯಾಕೆ ನಿಂತಿತು ಎಂದು ಪರೀಕ್ಷೆ ಮಾಡಿ ಹೇಳಿದವಳು ನಾನು. ನನ್ನ ಆ ಮಾತಿನಿಂದ ಒಬ್ಬರ ಕೆಲಸ ಹೋಯಿತು. ಈಗ ನಾಲ್ಕು ವರ್ಷವಾಯಿತು. ಇದನ್ನು ಬರೆಯಬೇಕೆಂದು ಹಲವು ಸಲ ಅನಿಸಿದ್ದುಂಟು. ಬರೆಯಲು ಕೂತರೆ ನನಗೆ ಅನುಕೂಲವಾಗುವಂತೆ ಬರೆದುಬಿಡುತ್ತೇನೇನೋ ಎಂದು ಸುಮ್ಮನಾಗುತ್ತಿದ್ದೆ. ಆದದ್ದನ್ನು ಆದ ಕ್ರಮದಲ್ಲೇ ಬರೆದರೆ ಆ ಭಯ ಸ್ವಲ್ಪ ಕಡಿಮೆ.

ನಮ್ಮ ಮನೆ ಮಂಡ್ಯದಲ್ಲಿ. ಅಪ್ಪ ಹೈಸ್ಕೂಲು ಮೇಷ್ಟರು. ಅಪ್ಪನ ಅಣ್ಣ, ಅಂದರೆ ದೊಡ್ಡಪ್ಪ, ಮದ್ದೂರಿನಲ್ಲಿದ್ದುಕೊಂಡು ಗದ್ದೆ, ಕಬ್ಬು ಎಲ್ಲ ನೋಡಿಕೊಳ್ಳುತ್ತಿದ್ದರು. ಕಾರು ಅವರದು. ಬೆಂಗಳೂರಿನಲ್ಲಿದ್ದ ಯಾರೋ ಪರದೇಶದವರು ಊರಿಗೆ ಹಿಂತಿರುಗುವಾಗ ಮಾರಿ ಹೋದ ಅಮೆರಿಕದ ಕಾರು. ದೊಡ್ಡಪ್ಪ ಅದನ್ನು ತಂದಾಗ ನಾನಿನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದೆ. ಸ್ಟೇರಿಂಗು ಎಡಗಡೆಗಿತ್ತು. ಉದ್ದ ಎಷ್ಟೆಂದರೆ ಮದ್ದೂರಿನ ಪೇಟೆ ಬೀದಿಯಲ್ಲಿ ತಿರುಗಿಸಲಾಗದೆ ಊರ ಹೊರಕ್ಕೆ ಹೋಗಿ ತಿರುಗಿಸಿಕೊಂಡು ಬರಬೇಕಿತ್ತು. ಜನ ನೋಡಲು ಬರುತ್ತಿದ್ದುದು ಆ ಉದ್ದವನ್ನಲ್ಲ, ಗಾಜನ್ನು. ಬೇರೆ ಕಾರುಗಳಲ್ಲಿ ಹಿಡಿಯನ್ನು ತಿರುವಿ ಗಾಜು ಏರಿಸಬೇಕು. ಇದರಲ್ಲಿ ಬಾಗಿಲಿಗೊಂದು ಸ್ವಿಚ್ಚು. ಒತ್ತಿದರೆ ಬಾಗಿಲ ಒಳಗೆ ಅಡಗಿದ್ದ ಸಣ್ಣ ಮೋಟಾರು ಗುಂಯ್ ಎಂದು ಗಾಜನ್ನು ಎತ್ತುತ್ತಿತ್ತು. ಸುತ್ತಿನ ಹಳ್ಳಿಗಳಲ್ಲಿ ಅದಕ್ಕೆ ಕರೆಂಟು ಗಾಜಿನ ಕಾರು ಎಂದೇ ಹೆಸರು.

ಪೆಟ್ರೋಲಿನ ಬೆಲೆ ಒಂದೇ ಸಮನೆ ಏರಿದ ಮೇಲೆ ದೊಡ್ಡಪ್ಪ ತಮ್ಮ ಓಡಾಟವನ್ನೆಲ್ಲ ಬಸ್ಸಿಗೆ ಬದಲಾಯಿಸಿಕೊಂಡರು. ಕಾರು ಹೊರಗೆ ಬರುತ್ತಿದ್ದುದು ಮದುವೆಗಳಿಗೆ ಮಾತ್ರ. ಮದ್ದೂರು, ಮಳವಳ್ಳಿ ಕಡೆಯ ನೆಂಟರು ಹೆಣ್ಣು ಗಂಡಿನ ಮೆರವಣಿಗೆಗೆಂದು ಕೇಳುತ್ತಿದ್ದರು. ದೊಡ್ಡಪ್ಪ ಇಲ್ಲವೆನ್ನುತ್ತಿರಲಿಲ್ಲ. ಗಂಡಿನ ಎಡಕ್ಕೆ ಹೆಣ್ಣು ಕೂರಬೇಕಲ್ಲ, ಹಾಗಾಗಿ ಹಿಂದಿನ ಎಡ ಬಾಗಿಲು ಮದುವೆ ಹೆಣ್ಣಿನದು. ಆ ಗಾಜನ್ನು ಪೂರ್ತಿ ಇಳಿಸುತ್ತಿದ್ದರು. ಕಾರು ಮನೆಮನೆಯ ಮುಂದೆ ನಿಲ್ಲುವುದು, ಹೆಂಗಸರು ಆರತಿ ಎತ್ತುವುದು, ಕಿಟಕಿಯೊಳಗೆ ಕೈ ತೂರಿಸಿ ಅಕ್ಷತೆ ಹಾಕುವುದು, ಊರು ಮುಗಿಯುವ ತನಕ ಹೀಗೆ. ಮೆರವಣಿಗೆ ಮುಗಿಸಿ ಬಂದ ಕಾರಿಗೆ ದೊಡ್ಡಮ್ಮ ಕೊಡಗಟ್ಟಲೆ ನೀರು ಸುರಿಸಿ ತೊಳೆಸುತ್ತಿದ್ದರು. ದೃಷ್ಟಿಯಾಗಿರುತ್ತದೆ ಎಂದು ಅವರ ನಂಬಿಕೆ.

ಕಾರು ಓಡಿಸುತ್ತಿದ್ದವರು ಮಳವಳ್ಳಿಯಾಚೆಯ ಬೆಳಕವಾಡಿ ಊರಿನವರು. ಹನ್ನೊಂದು ವರ್ಷದಿಂದ ಅವರೇ. ನಾವೆಲ್ಲ ಅವರನ್ನು ಡ್ರೈವರಣ್ಣ ಅನ್ನುತ್ತಿದ್ದೆವು. ದೊಡ್ಡಪ್ಪನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದುಕೊಂಡು ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗಿ ಬರುತ್ತಿದ್ದರು. ಮಾತು ಕಡಿಮೆ. ಯಾರಾದರೂ ಬಾಗಿಲನ್ನು ಜೋರಾಗಿ ಬಡಿದರೆ ಮಾತ್ರ, “ಮೆಲ್ಲುಗೆ, ಮೆಲ್ಲುಗೆ, ಅದೇನ್ ಕೊಟ್ಗೆ ಬಾಗ್ಲಾ?” ಅನ್ನುತ್ತಿದ್ದರು. ನನಗೂ ಮಾತು ಕಡಿಮೆಯಾದ್ದರಿಂದ ಅವರ ಕಾರಿನಲ್ಲಿ ಕೂರುವುದು ನನಗೆ ಹಿತವಾಗಿತ್ತು. ಮಂಡ್ಯದಿಂದ ಮದ್ದೂರಿನ ತನಕ ಇಬ್ಬರೂ ಒಂದು ಮಾತೂ ಆಡದೆ ಬಂದ ದಿನಗಳಿವೆ.

ಆ ಗಾಜು ಮೊದಲ ಸಲ ನಿಂತಾಗ ಮದ್ದೂರಿನ ಮೆಕ್ಯಾನಿಕ್ಕು ಬಾಗಿಲಿಗೆ ಕಿವಿಯಿಟ್ಟು ಕೇಳಿ, “ಇದು ರೇಡಿಯೋ ಜಾತಿ, ನನ್ ಕೈಲಿ ಆಗಾಕಿಲ್ಲ” ಎಂದು ಎದ್ದರಂತೆ. ಅವರಿಗೆ ಲಾರಿ, ಟ್ರ್ಯಾಕ್ಟರುಗಳ ಅಭ್ಯಾಸ. ಡ್ರೈವರಣ್ಣ ತಾವೇ ಮೋಟಾರನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿಕೊಂಡು ಬೆಂಗಳೂರಿಗೆ ಹೋಗಿ, ಒಳಗಿನ ತಂತಿಯ ಸುತ್ತನ್ನು ಹೊಸದಾಗಿ ಕಟ್ಟಿಸಿ ತಂದು ಕೂರಿಸಿದರು. ಗಾಜು ಆಡಿತು. ಒಂದು ತಿಂಗಳು ಕಳೆಯುವುದರೊಳಗೆ ಮತ್ತೆ ನಿಂತಿತು.

ಆಗ ನಾನು ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಮಂಡ್ಯದ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದೆ. ದೊಡ್ಡಪ್ಪ ಅಪ್ಪನಿಗೆ ಹೇಳಿ ಕಳಿಸಿದರು: ಕರೆಂಟಿನ ವಿಷಯ ಓದಿದ ಮಗಳನ್ನು ಮನೆಯಲ್ಲಿ ಇಟ್ಟುಕೊಂಡು ನಾನು ಬೆಂಗಳೂರಿಗೆ ಯಾಕೆ ಅಲೆಯಬೇಕು? ಒಂದು ಶನಿವಾರ ಮಧ್ಯಾಹ್ನ ಹೋದೆ. ಕಾರಿನ ಪಾರ್ಕಿಂಗ್ ದೀಪದಂಥ ಒಂದು ಸಣ್ಣ ಬಲ್ಬಿಗೆ ಎರಡು ಉದ್ದನೆಯ ತಂತಿ ಬೆಸೆದು ಜೊತೆಗೆ ಒಯ್ದೆ. ಕರೆಂಟು ಇದೆಯೋ ಇಲ್ಲವೋ ನೋಡಲು ಅದಕ್ಕಿಂತ ಸರಳವಾದ ಸಾಧನವಿಲ್ಲ.

ಕಾರನ್ನು ಜಗಲಿಯ ಮುಂದೆ ನಿಲ್ಲಿಸಿದ್ದರು. ಜಗಲಿಯ ಮೇಲೆ ದೊಡ್ಡಪ್ಪ, ಪಕ್ಕದ ಮನೆಗಳ ಇಬ್ಬರು ಗಂಡಸರು.

“ನಮ್ ತಮ್ಮನ್ ಮಗ್ಳು ಕಣ್ರಪ್ಪ. ಎಮ್ಮೆಸ್ಸಿ. ಕರೆಂಟ್ನೇ ಓದಿರಾದು” ಎಂದರು ದೊಡ್ಡಪ್ಪ.

“ಓದ್ದೋರ್ಗೆ ಕರೆಂಟು ಒಡಿಯಾಕಿಲ್ವಾ?” ಒಬ್ಬರು ಕೇಳಿದರು.

“ಅದೇನ್ ನಿನ್ನಂಗೆ ಕುರುಡಾ? ಯಾರು ಏನು ಅಂತ ನೋಡ್ಕಂಡು ಒಡೀತದೆ ಬುಡ್ಲಾ” ಎಂದರು ಇನ್ನೊಬ್ಬರು. ನಕ್ಕರು. ಗಂಡಸರು ನೋಡುತ್ತಿರುವಾಗ ಬೀದಿಯಲ್ಲಿ ನಿಂತು ಕೆಲಸ ಮಾಡಿ ನನಗೆ ಅಭ್ಯಾಸವಿರಲಿಲ್ಲ. ಬೇಗ ಮುಗಿಸಿ ಒಳಗೆ ಹೋಗಬೇಕೆಂಬ ಆತುರ ನನಗಿತ್ತು. ಇದನ್ನು ಈಗ ಬರೆಯದೆ ಬಿಡಲಾಗದು.

ಕ್ರಮವಾಗಿಯೇ ಹೋದೆ. ಮೊದಲು ಫ್ಯೂಸು. ಸರಿಯಿತ್ತು, ಉಳಿದ ಮೂರು ಗಾಜುಗಳು ಆಡುತ್ತಿದ್ದವು. ಆಮೇಲೆ ಸ್ವಿಚ್ಚು. ಬಲ ಬಾಗಿಲ ಸ್ವಿಚ್ಚನ್ನು ಕಿತ್ತು ಎಡಕ್ಕೆ ಹಾಕಿದೆ. ಎಡದ ಗಾಜು ಅಲುಗಲಿಲ್ಲ. ಎಡದ್ದನ್ನು ಬಲಕ್ಕೆ ಹಾಕಿದರೆ ಬಲದ ಗಾಜು ಸರಾಗವಾಗಿ ಏರಿತು. ಹಾಗಾದರೆ ಸ್ವಿಚ್ಚೂ ಸರಿ. ಡ್ರೈವರಣ್ಣ ಬಾಗಿಲ ಒಳಮೈಯ ರಟ್ಟಿನ ಹೊದಿಕೆ ಬಿಚ್ಚಿಕೊಟ್ಟರು. ಕೈ ಹೋಗುವಷ್ಟು ತೂತು. ಒಳಗೆ ಕತ್ತಲು. ಮೋಟಾರಿಗೆ ಬರುವ ತಂತಿಯ ಪ್ಲಗ್ಗು ಕೈಗೆ ಸಿಕ್ಕಿತು. ಅದನ್ನು ಬಿಡಿಸಿ ಬಲ್ಬಿನ ಒಂದು ತಂತಿಯನ್ನು ಅದಕ್ಕೆ ಸಿಕ್ಕಿಸಿದೆ. ಇನ್ನೊಂದನ್ನು ಬಾಗಿಲು ತೂಗುವ ಕಾರಿನ ಕಂಬದ ಮೇಲೆ ಹೊಳೆಯುತ್ತಿದ್ದ ಒಂದು ಬೋಲ್ಟಿಗೆ ಒತ್ತಿ ಹಿಡಿದೆ.

ಡ್ರೈವರಣ್ಣ ನನ್ನ ಹಿಂದೆ ಬಗ್ಗಿ ನೋಡುತ್ತಿದ್ದರು. “ಅವ್ವಾ, ಅಲ್ಲಿ...” ಎಂದರು.

“ತಡಿಯಯ್ಯ, ಮಾಡ್ಲಿ ಅವ್ಳು” ಎಂದರು ದೊಡ್ಡಪ್ಪ ಜಗಲಿಯಿಂದ.

ನಾನು ತಿರುಗಲಿಲ್ಲ. ಸ್ವಿಚ್ಚು ಒತ್ತಲು ಹೇಳಿದೆ. ಬಲ್ಬು ಹತ್ತಿತು, ಚೆನ್ನಾಗಿ. ಪ್ಲಗ್ಗನ್ನು ಮತ್ತೆ ಮೋಟಾರಿಗೆ ಸಿಕ್ಕಿಸಿ ಒತ್ತಿಸಿದೆ. ಮೋಟಾರಿನಲ್ಲಿ ಸದ್ದಿಲ್ಲ. ಎದ್ದು ನಿಂತು ಕೈ ಒರೆಸಿಕೊಂಡು ಹೇಳಿದೆ: “ಕರೆಂಟು ಮೋಟಾರಿನ ತನಕ ಬರ್ತಿದೆ, ದೊಡ್ಡಪ್ಪ. ಮೋಟಾರು ತಿರುಗ್ತಿಲ್ಲ. ಅಂದ್ರೆ ಮೋಟಾರೇ ಕೆಟ್ಟಿದೆ.”

ದೊಡ್ಡಪ್ಪ ಡ್ರೈವರಣ್ಣನ ಕಡೆ ನೋಡುತ್ತಿದ್ದರು.

“ಬೆಂಗ್ಳೂರಲ್ಲಿ ಕಟ್ಟುಸ್ಕಂಡು ಬಂದೆ ಅಂದ್ಯಲ್ಲಾ ಮೋಟ್ರ, ಎಲ್ ಕಟ್ಟುಸ್ದೆ?”

“ಪ್ಯಾಟೆ ಬೀದೀಲಿ ಗೌಡ್ರೆ. ಎದ್ರುಗೇ ಕೂತ್ಕಂಡು ಕಟ್ಟುಸ್ದೆ.”

“ಎದ್ರುಗೆ ಕೂತ್ಕಂಡು ಕಟ್ಟುಸ್ದುದ್ದು ಒಂದ್ ತಿಂಗ್ಳು ಬಾಳಾಕಿಲ್ವಾ? ನಂದ್ನ ಅಲ್ಲೇ ಮಾರ್ಬುಟ್ಟು ಯಾವ್ದೋ ಸತ್ತುದ್ನ ತಂದು ಕೂರ್ಸಿದೀಯೆ.”

“ಇಲ್ಲ ಕಣ್ ಗೌಡ್ರೆ. ಅದೇಯ ಮೋಟ್ರು.”

“ಓದಿರೋ ಮಗ ಸುಳ್ ಯೋಳ್ತದಾ ಅಂಗಾರೆ?”

ಆಗ ಡ್ರೈವರಣ್ಣ ನನ್ನ ಕಡೆ ನೋಡಿದರು. ನಾನು ಏನಾದರೂ ಹೇಳುತ್ತೇನೆಂದು ಕಾದರು. ಮೋಟಾರು ಕೆಟ್ಟಿದೆ ಎಂಬುದಕ್ಕೂ ಮೋಟಾರು ಬದಲಾಗಿದೆ ಎಂಬುದಕ್ಕೂ ಸಂಬಂಧವಿಲ್ಲ. ಅಷ್ಟನ್ನು ಹೇಳಬಹುದಿತ್ತು. ಆದರೆ ಅದು ಅವರಿಬ್ಬರ ನಡುವಿನ ಮಾತು, ನನ್ನ ಪಾಲಿನದನ್ನು ನಾನು ಸರಿಯಾಗಿ ಹೇಳಿಯಾಯಿತು ಎಂದುಕೊಂಡು ಒಳಗೆ ಹೋಗಿ ಕೈ ತೊಳೆದುಕೊಂಡೆ. ನಾಲ್ಕರ ಬಸ್ಸಿಗೆ ಮಂಡ್ಯಕ್ಕೆ ಹೊರಟಾಗ ಬಾಗಿಲ ಹೊದಿಕೆ ಅವರ ಕೈಯಲ್ಲೇ ಇತ್ತು.

ಅಂದೇ ಅವರನ್ನು ಕೆಲಸದಿಂದ ಬಿಡಿಸಿದ್ದು ನನಗೆ ತಿಳಿದದ್ದು ಹನ್ನೆರಡು ದಿನದ ಮೇಲೆ. ದೊಡ್ಡಮ್ಮ ಯಾವುದೋ ನಾಮಕರಣಕ್ಕೆಂದು ಮಂಡ್ಯಕ್ಕೆ ಬಂದಿದ್ದರು. ಡ್ರೈವರಣ್ಣ ಹೇಗಿದ್ದಾರೆ ಎಂದು ಸುಮ್ಮನೆ ಕೇಳಿದೆ.

“ಎಲ್ಲವ್ನೆ ಅವ್ನು? ಅವತ್ತೇ ಕಳುಸ್ಬುಟ್ರು. ಉಣ್ಣಾಕೂ ನಿಂತ್ಕಳ್ನಿಲ್ಲ. ನೀನೇ ಯೋಳಿದ್ಯಂತಲ್ಲವ್ವ, ಮೋಟ್ರು ಬದ್ಲಾಯ್ಸವ್ನೆ ಅಂತ. ಊರೆಲ್ಲ ಅದೇ ಮಾತು.”

“ನಾನು ಹಾಗೆ ಹೇಳಲಿಲ್ಲ, ದೊಡ್ಡಮ್ಮ.”

“ಅಂಗಲ್ದೆ ಇನ್ನೆಂಗೆ ಯೋಳ್ದೆ?”

ನಾನು ಹೇಳಿದ ಮಾತನ್ನು ಅಕ್ಷರ ತಪ್ಪದೆ ಹೇಳಬಲ್ಲೆ. ಅದು ಜಗಲಿಯಿಂದ ಇಳಿದು ಊರಿನಲ್ಲಿ ಏನಾಯಿತು ಎಂಬುದಕ್ಕೆ ಆ ಅಕ್ಷರಗಳು ಉಪಯೋಗಕ್ಕೆ ಬರಲಿಲ್ಲ.

ಯಾವುದೇ ಪ್ರಯೋಗ ಮಾಡಿದರೂ ಏನು ಮಾಡಿದೆ, ಏನು ಕಂಡೆ ಎಂದು ಒಂದು ಪುಸ್ತಕದಲ್ಲಿ ಬರೆದಿಡುವುದು ನನಗೆ ಹಾಸ್ಟೆಲಿನ ದಿನಗಳಿಂದ ಬಂದ ಅಭ್ಯಾಸ. ಮಾರನೆಯ ಬೆಳಗ್ಗೆ ಕಾಲೇಜಿಗೆ ಹೋಗುವ ಮುಂಚೆ ಆ ಶನಿವಾರದ ಪುಟ ತೆಗೆದೆ. ನಾನು ಸರಿಯೆಂದು ಖಚಿತಪಡಿಸಿಕೊಳ್ಳುವುದಕ್ಕೇ ತೆಗೆದದ್ದು, ಬೇರೆ ಯಾವ ಒಳ್ಳೆಯ ಉದ್ದೇಶದಿಂದಲೂ ಅಲ್ಲ. ಫ್ಯೂಸು, ಸ್ವಿಚ್ಚು, ಪ್ಲಗ್ಗು, ಎಲ್ಲ ಇತ್ತು. ಕೊನೆಯ ಸಾಲು: “ಬಲ್ಬಿನ ಒಂದು ತಂತಿ ಪ್ಲಗ್ಗಿಗೆ, ಇನ್ನೊಂದು ಬಾಗಿಲ ಕಂಬದ ಬೋಲ್ಟಿಗೆ. ಬಲ್ಬು ಹತ್ತಿತು.”

ಅದನ್ನು ಎರಡು ಸಲ ಓದಿದೆ. ಕರೆಂಟು ಬಂದರೆ ಸಾಲದು, ಬ್ಯಾಟರಿಗೆ ಹಿಂತಿರುಗಿ ಹೋಗಬೇಕು. ಹೋಗುವುದಕ್ಕೂ ಬರುವುದಕ್ಕೂ ದಾರಿಯಿದ್ದರೆ ಮಾತ್ರ ಯಾವ ಮೋಟಾರಾದರೂ ತಿರುಗುತ್ತದೆ. ಆ ಕಾರಿನ ಮೋಟಾರಿಗೆ ಹಿಂತಿರುಗಲು ಬೇರೆ ತಂತಿಯಿರಲಿಲ್ಲ. ಮೋಟಾರಿನ ಕಬ್ಬಿಣದ ಮೈಯಿಂದ, ಅದನ್ನು ಬಿಗಿದ ಬೋಲ್ಟುಗಳ ಮೂಲಕ ಬಾಗಿಲ ತಗಡಿಗೆ, ಅಲ್ಲಿಂದ ಕಾರಿನ ಮೈಗೆ. ಅರ್ತು ಅನ್ನುವುದು ಅದನ್ನೇ. ನಾನು ಬಲ್ಬಿನ ಎರಡನೆಯ ತಂತಿಯನ್ನು ಹೊಳೆಯುವ ಬೋಲ್ಟಿಗೆ ಹಿಡಿದಾಗ ಬಲ್ಬಿಗೆ ಒಂದು ಒಳ್ಳೆಯ ದಾರಿಯನ್ನು ನಾನೇ ಹುಡುಕಿಕೊಟ್ಟಿದ್ದೆ. ಮೋಟಾರಿಗಿದ್ದ ದಾರಿಯನ್ನು ನೋಡಿಯೇ ಇರಲಿಲ್ಲ. ಮೊದಲ ವರ್ಷದ ಹುಡುಗಿಯರು ಇಂಥ ತಪ್ಪು ಮಾಡಿದರೆ ನಾನು ಅಂಕ ಕೊಡುತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಮದ್ದೂರಿಗೆ ಹೋದೆ. ಮೋಟಾರನ್ನು ಇನ್ನೊಮ್ಮೆ ನೋಡಬೇಕು ಎಂದೆ.

“ಸತ್ತುದ್ನ ಏನವ್ವ ನೋಡೀಯೆ? ವೋದೋನು ವೋದ, ಬುಡು” ಎಂದರು ದೊಡ್ಡಪ್ಪ, ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡೇ.

“ನಾನು ತಪ್ಪು ಹೇಳಿರಬಹುದು, ದೊಡ್ಡಪ್ಪ.”

ಅವರು ಕಡ್ಡಿ ತೆಗೆದರು. ಆ ಮನೆಯಲ್ಲಿ ಯಾರೂ ಆ ಮಾತನ್ನು ಅಷ್ಟು ನೇರವಾಗಿ ಹೇಳಿದ್ದನ್ನು ಅವರು ಕೇಳಿರಲಿಲ್ಲವೇನೋ. ಎದ್ದು ಬಂದು ಕೊಟ್ಟಿಗೆಯ ಪಕ್ಕದ ಷೆಡ್ಡಿನ ಬಾಗಿಲು ತೆಗೆದರು. ನಿಂತ ಕಾರಿನ ಅರ್ಧ ತೆರೆದ ಗಾಜಿಗೆ ದೊಡ್ಡಮ್ಮ ಒಂದು ಹಳೆಯ ಟವಲು ಕಟ್ಟಿದ್ದರು.

ಹೊದಿಕೆಯನ್ನು ನಾನೇ ಬಿಚ್ಚಿದೆ. ಈ ಸಲ ಬಲ್ಬಿನ ಎರಡನೆಯ ತಂತಿಯನ್ನು ಬೋಲ್ಟಿಗೆ ಹಿಡಿಯದೆ ಮೋಟಾರಿನ ಮೈಯನ್ನೇ ಸ್ವಲ್ಪ ಕೆರೆದು ಅಲ್ಲಿಗೆ ಹಿಡಿದೆ. ದೊಡ್ಡಪ್ಪ ಸ್ವಿಚ್ಚು ಒತ್ತಿದರು. ಬಲ್ಬು ಹತ್ತಲಿಲ್ಲ.

“ಈಗ್ಯಾಕೆ ಅತ್ನಿಲ್ಲ?”

“ಕರೆಂಟು ಬರ್ತಿದೆ, ವಾಪಸ್ಸು ಹೋಗೋಕೆ ದಾರಿಯಿಲ್ಲ.”

ಒಂದು ದಪ್ಪ ತಂತಿಯ ಒಂದು ತುದಿಯನ್ನು ಮೋಟಾರಿನ ಮೈಗೆ, ಇನ್ನೊಂದು ತುದಿಯನ್ನು ಕಂಬದ ಬೋಲ್ಟಿಗೆ ಕಟ್ಟಿದೆ. ಪ್ಲಗ್ಗು ಸಿಕ್ಕಿಸಿದೆ. “ಈಗ ಒತ್ತಿ” ಎಂದೆ. ಬಾಗಿಲೊಳಗೆ ಗುಂಯ್ ಎಂದಿತು. ಗಾಜು ಟವಲನ್ನು ಎಳೆದುಕೊಂಡು ಮೇಲಕ್ಕೆ ಹೋಯಿತು. ದೊಡ್ಡಪ್ಪ ಇಳಿಸಿದರು, ಏರಿಸಿದರು, ಮತ್ತೆ ಇಳಿಸಿದರು.

ದಾರಿ ಎಲ್ಲಿ ತಪ್ಪಿದೆ ಎಂದು ನೋಡಲು ಬಾಗಿಲ ತಳಕ್ಕೆ ಕೈ ಇಳಿಸಿದೆ. ಬೆರಳಿಗೆ ತಣ್ಣಗೆ ನೀರು ತಗುಲಿತು. ನೀರಿನ ಅಡಿಯಲ್ಲಿ ಮೆತ್ತಗೆ ಏನೋ. ಹಿಡಿ ತುಂಬ ತೆಗೆದೆ. ಹಳದಿ ಬಣ್ಣದ, ಹುಳಿತು ಅಂಟಾದ ಅಕ್ಕಿ.

ದೊಡ್ಡಮ್ಮ ಬಗ್ಗಿ ನೋಡಿದರು. “ಅಯ್ಯೋ ಸಿವನೆ, ಅಕ್ಸತೆ ಕಣವ್ವ ಇದು!”

ಗಾಜು ಇಳಿದಾಗ ಅದು ಬಾಗಿಲೊಳಗೆ ಹೋಗಲು ಒಂದು ಸೀಳು ಇರುತ್ತದಲ್ಲ, ಅದರ ರಬ್ಬರು ಎಂದೋ ಸವೆದಿತ್ತು. ಎಷ್ಟೋ ಮದುವೆಗಳ ಅಕ್ಷತೆ ಹೆಣ್ಣು ಗಂಡಿನ ತಲೆಗೆ ಬಿದ್ದಷ್ಟು ಬಿದ್ದು, ಉಳಿದದ್ದು ಆ ಸೀಳಿನಲ್ಲಿ ಇಳಿದು ತಳ ಸೇರಿತ್ತು. ಬಾಗಿಲೊಳಗೆ ಹೋದ ನೀರು ಹೊರಬೀಳಲಿ ಎಂದು ತಳದಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಅಕ್ಕಿ ನೆನೆದು ಊದಿ ಅವನ್ನು ಮುಚ್ಚಿತ್ತು. ಪ್ರತಿ ಮದುವೆಯ ಮೇಲೂ ಕೊಡಗಟ್ಟಲೆ ಸುರಿದ ನೀರು ಅಲ್ಲೇ ನಿಂತು, ಮೋಟಾರನ್ನು ಬಿಗಿದ ತಗಡು ತುಕ್ಕು ಹಿಡಿದು ಪುಡಿಯಾಗಿತ್ತು. ಡ್ರೈವರಣ್ಣ ಮೋಟಾರನ್ನು ಬಿಚ್ಚಿ ಮತ್ತೆ ಬಿಗಿದಾಗ ತುಕ್ಕು ಒಂದಿಷ್ಟು ಉಜ್ಜಿಹೋಗಿ ಒಂದು ತಿಂಗಳು ನಡೆದಿರಬೇಕು. ಹಾಗೆ ನೋಡಿದರೆ ಮೋಟಾರು ಮೊದಲ ಸಲವೂ ಕೆಟ್ಟಿರಲಿಲ್ಲವೇನೋ. ಅದನ್ನು ಈಗ ಸಾಧಿಸಿ ತೋರಿಸಲಾಗದು.

ದೊಡ್ಡಮ್ಮ ಆ ಅಕ್ಕಿಯನ್ನು ತಿಪ್ಪೆಗೆ ಹಾಕಲು ಬಿಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊರಕ್ಕೆ ಬಳಿದುಕೊಂಡು ತೆಂಗಿನ ಬುಡಕ್ಕೆ ಸುರಿದರು. “ಯಾರ್ ಯಾರ್ ಮದ್ವೆದೋ ಏನೋ” ಅನ್ನುತ್ತಿದ್ದರು.

ನಾನು ತುಕ್ಕು ಕೆರೆದು, ಆ ದಪ್ಪ ತಂತಿಯನ್ನು ಶಾಶ್ವತವಾಗಿ ಬಿಗಿದು, ತೂತುಗಳನ್ನು ಕಡ್ಡಿಯಿಂದ ಬಿಡಿಸಿ ಎದ್ದಾಗ ದೊಡ್ಡಪ್ಪ ಷರಟು ಹಾಕಿಕೊಂಡು ಬಂದಿದ್ದರು.

“ನಡಿ ಮಗ, ಓಗವ.”

“ಎಲ್ಲಿಗೆ?”

“ಬೆಳಕ್ವಾಡಿಗೆ.”

ದೊಡ್ಡಪ್ಪನಿಗೆ ಕಾರು ಓಡಿಸಲು ಬರುತ್ತಿತ್ತು ಎನ್ನುವುದು ಪೂರ್ತಿ ನಿಜವಲ್ಲ. ಮಳವಳ್ಳಿ ದಾಟುವ ತನಕ ಎರಡನೆಯ ಗೇರಿನಿಂದ ಮೇಲೆ ಹೋಗಲಿಲ್ಲ. ಕಬ್ಬಿನ ಗಾಡಿ ಎದುರಾದಾಗಲೆಲ್ಲ ರಸ್ತೆ ಬಿಟ್ಟು ಇಳಿದು ನಿಂತುಬಿಡುತ್ತಿದ್ದರು. ಗಾಡಿಯವನೊಬ್ಬ ನೊಗದ ಹಿಂದಿನಿಂದ ಬಗ್ಗಿ, “ಎತ್ತು ಕಟ್ಕೊಡ್ಲಾ ಗೌಡ್ರೆ?” ಎಂದ. ದೊಡ್ಡಪ್ಪ ಕೇಳಿಸದವರಂತೆ ಕೂತಿದ್ದರು. ಕ್ಲಚ್ಚು ಸುಟ್ಟ ವಾಸನೆ ಬರುತ್ತಿತ್ತು. ನಾನು ಹಿಂದೆ ಎಡಗಡೆಗೆ ಕೂತಿದ್ದೆ. ಅಲ್ಲಿಗೆ ಹೋಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸುತ್ತಿದ್ದೆ. ಪ್ರತಿಯೊಂದರಲ್ಲೂ ‘ಆದರೆ’ ಎಂಬ ಪದ ಬರುತ್ತಿತ್ತು.

ಡ್ರೈವರಣ್ಣನ ಮನೆ ಬೆಳಕವಾಡಿಯ ರಸ್ತೆಗೆ ಹತ್ತಿರವೇ. ಅವರ ಹೆಂಡತಿ ಹೊರಗೆ ಕೂತು ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದರು. ಕಾರನ್ನು ನೋಡಿ ಏಳಲಿಲ್ಲ. ಮೊರ ಕೊಡವುವುದನ್ನೂ ನಿಲ್ಲಿಸಲಿಲ್ಲ.

“ಬನ್ನಿ ಬನ್ನಿ” ಎಂದರು. “ಮನೆ ಉಡುಕಕ್ ಬಂದ್ರಾ? ಮೋಟ್ರು ಎಲ್ ಬಚ್ಚಿಟ್ಟಿದ್ದೀವಿ ನೋಡ್ರಿ. ಅಟ್ಟುದ್ ಮ್ಯಾಲೆ ನೋಡಿ, ರಾಗಿ ಗುಡಾಣ್ದಲ್ಲಿ ನೋಡಿ. ಓದಿರೋ ಅವ್ವಾರೂ ಬಂದವ್ರೆ, ಕೈ ಆಕಿ ತೆಗೀತಾರೆ.”

“ಸುಮ್ಕಿರೇ” ಎನ್ನುತ್ತ ಡ್ರೈವರಣ್ಣ ಒಳಗಿನಿಂದ ಬಂದರು. ಪಂಚೆ, ಬನಿಯನ್ನು. ಖಾಕಿ ಷರಟಿಲ್ಲದೆ ಅವರನ್ನು ನಾನು ಅದೇ ಮೊದಲು ನೋಡಿದ್ದು.

ದೊಡ್ಡಪ್ಪ ಕಾರಿನಿಂದ ಇಳಿಯಲಿಲ್ಲ. ಸ್ಟೇರಿಂಗು ಹಿಡಿದುಕೊಂಡೇ, “ಇಳ್ಸವ್ವ ಗಾಜ” ಎಂದರು. ನಾನು ಸ್ವಿಚ್ಚು ಒತ್ತಿದೆ. ಗಾಜು ಇಳಿಯಿತು. “ಏರ್ಸು.” ಏರಿಸಿದೆ. ಬೀದಿಯಲ್ಲಿ ನಾಲ್ಕೈದು ಜನ ಸೇರಿದ್ದರು. ಅವರಿಗೆಲ್ಲ ಕೇಳುವಂತೆ ದೊಡ್ಡಪ್ಪ, “ಆಡ್ತದೆ ಕಣಯ್ಯ” ಎಂದರು. “ನೀನ್ ತಂದು ಆಕಿದ್ ಮೋಟ್ರೇಯ. ಬಾಗ್ಲೊಳಗೆ ಅಕ್ಸತೆ ತುಂಬ್ಕಂಡಿತ್ತು. ನಾನ್ ಅಂದುದ್ದು ತಪ್ಪು.”

ಡ್ರೈವರಣ್ಣ ಬಂದು ಬಾಗಿಲನ್ನು ತೆರೆದು, ಒಳಗೆ ಬಗ್ಗಿ ನಾನು ಕಟ್ಟಿದ ತಂತಿಯನ್ನು ಎಳೆದು ನೋಡಿದರು. ಹೊದಿಕೆಯನ್ನು ನಾನು ಅವಸರದಲ್ಲಿ ಪೂರ್ತಿ ಕೂರಿಸಿರಲಿಲ್ಲ.

“ಅರ್ತು ಓಗಿತ್ತಾ?” ಎಂದರು ನನಗೆ.

“ಹೂಂ. ಅವತ್ತು ನಾನು ತಂತಿಯನ್ನ ಕಂಬಕ್ಕೆ ಹಿಡಿದೆ. ಮೋಟಾರಿಗೆ ಹಿಡೀಬೇಕಿತ್ತು.”

“ಅದ್ನೇಯ ಯೋಳನ ಅಂತಿದ್ದೆ.”

“ಮತ್ತೆ ಯಾಕೆ ಹೇಳಲಿಲ್ಲ, ಅಣ್ಣ?”

“ನೀವು ತಿರುಗ್ನಿಲ್ವಲ್ಲವ್ವ.”

ಅದರಲ್ಲಿ ದೂರಿರಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿದರು ಅಷ್ಟೆ. ದಾರಿಯಲ್ಲಿ ಜೋಡಿಸಿದ ವಾಕ್ಯಗಳೆಲ್ಲ ನನಗೆ ಮರೆತುಹೋದವು. “ತಪ್ಪಾಯ್ತು ಅಣ್ಣ” ಎಂದೆ. ಅವರು ತಲೆಯಾಡಿಸಿ ಹೊದಿಕೆಯ ಅಂಚನ್ನು ಅಂಗೈಯಿಂದ ತಟ್ಟಿ ಕೂರಿಸಿದರು.

“ನಡಿ ಅಂಗಾರೆ, ಬಟ್ಟೆ ಆಕ್ಕಂಡ್ ಬಾ” ಎಂದರು ದೊಡ್ಡಪ್ಪ.

“ಬರಾಕಿಲ್ಲ ಗೌಡ್ರೆ.”

ಮೊರ ನಿಂತಿತು.

“ಮಳವಳ್ಳೀಲಿ ಒಬ್ರು ಬಸ್ಸು ಇಟ್ಟವ್ರೆ. ಅವ್ರತ್ರ ಕೆಲ್ಸಕ್ಕೆ ತಿರುಗ್ತಾ ಇವ್ನಿ. ‘ಗೌಡ್ರ ಮನೆ ಯಾಕ್ ಬುಟ್ಟೆ, ಏನೋ ಮಾತು ಕೇಳ್ದೆ, ಅವರತ್ರ ಬರುಸ್ಕಂಡ್ ಬಾ, ಆಮ್ಯಾಲೆ ನೋಡವ’ ಅಂದವ್ರೆ. ಬರ್ಕೊಡಂಗಿದ್ರೆ ಬರ್ಕೊಡಿ. ಅಷ್ಟು ಸಾಕು ನಂಗೆ.”

ದೊಡ್ಡಪ್ಪ ಸ್ಟೇರಿಂಗನ್ನು ಅಂಗೈಯಿಂದ ಒರೆಸಿದರು. ಬರೆದುಕೊಟ್ಟರೆ ಅವರು ಹೋಗುತ್ತಾರೆ, ಬರೆದುಕೊಡದಿದ್ದರೆ ಕಳ್ಳನೆಂಬ ಮಾತು ಅವರ ಮೇಲೇ ಉಳಿಯುತ್ತದೆ. ಕೊನೆಗೆ, “ಬರ್ಕೊಡವ್ವ, ನಾನ್ ಸೈನ್ ಆಕ್ತೀನಿ” ಎಂದರು.

ನನ್ನ ಚೀಲದಿಂದ ಪುಸ್ತಕ ತೆಗೆದು ಒಂದು ಹಾಳೆ ಹರಿದು ಬಾನೆಟ್ಟಿನ ಮೇಲಿಟ್ಟು ಬರೆದೆ. ಬಾನೆಟ್ಟು ಬಿಸಿಯಾಗಿತ್ತು. ಒಂದು ಪುಟ ತುಂಬಿತು. ಗಾಜು ಯಾವಾಗ ಕೆಟ್ಟಿತು, ಮೋಟಾರನ್ನು ಹೇಗೆ ಪರೀಕ್ಷಿಸಲಾಯಿತು, ಆ ಪರೀಕ್ಷೆಯಲ್ಲಿ ಏನು ದೋಷವಿತ್ತು, ಆ ದೋಷಕ್ಕೆ ಯಾರು ಹೊಣೆ, ನಿಜವಾದ ಕಾರಣವೇನು, ಆದ್ದರಿಂದ ಇವರ ಮೇಲಿನ ಆರೋಪ ಹೇಗೆ ನಿರಾಧಾರ, ಎಲ್ಲವನ್ನೂ ಕ್ರಮವಾಗಿ ಬರೆದೆ. ಮನಸ್ಸು ಹಗುರವಾಯಿತು. ಅವರ ಕೈಗೆ ಕೊಟ್ಟೆ.

ಡ್ರೈವರಣ್ಣ ಒಂದೊಂದೇ ಪದದ ಕೆಳಗೆ ಬೆರಳಿಟ್ಟು, ತುಟಿ ಆಡಿಸುತ್ತ ಕೊನೆಯ ತನಕ ಓದಿದರು.

“ಇದ್ರಲ್ಲಿ ನಿಮ್ ವಿಸ್ಯವೇ ಜಾಸ್ತಿ ಅದಲ್ಲವ್ವ” ಎಂದರು.

ಅವರ ಹೆಂಡತಿ ಮೊರದ ಮೇಲೆ ಬಗ್ಗಿ ನಕ್ಕದ್ದು ಕೇಳಿಸಿತು.

“ಬಸ್ಸಿನೋರ್ಗೆ ಇದೆಲ್ಲ ಯಾಕೆ? ಮೋಟ್ರು ಅಂದ್ರೆ ಏನ್ ಮೋಟ್ರು ಅಂತಾರೆ. ಆರೋಪ ಅಂದ್ರೆ ಏನ್ ಆರೋಪ ಅಂತಾರೆ. ಅಲ್ಲಿಂದ ಸುರುವಾಯ್ತದೆ. ಅನ್ನೊಂದ್ ವರ್ಸ ಓಡುಸ್ದ, ನಿಯತ್ತಾಗಿದ್ದ ಅಂತ ಬರೀರಿ. ಮುಗೀತು.”

ನಾನು ಆ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಇನ್ನೊಂದರಲ್ಲಿ ಎರಡು ಸಾಲು ಬರೆದೆ. ಹನ್ನೊಂದು ವರ್ಷ ನಮ್ಮ ಕಾರು ಓಡಿಸಿದ್ದಾರೆ. ನಂಬಿಕಸ್ತರು. ದೊಡ್ಡಪ್ಪ ರುಜು ಹಾಕಿದರು. ಪೆನ್ನಿನ ಮುಚ್ಚಳ ಹಾಕುತ್ತ, “ಬಸ್ಸು ಸರಿ ಓಗ್ನಿಲ್ಲ ಅಂದ್ರೆ ಬಾ” ಎಂದರು.

“ಆಯ್ತು ಗೌಡ್ರೆ” ಎಂದರು ಅವರು, ಬರುವವರ ದನಿಯಲ್ಲಲ್ಲ. ಮೂಗಿನಿಂದ ಗಾಳಿ ಎಳೆದುಕೊಂಡರು. “ಕ್ಲಚ್ಚು ಸುಟ್ಟವ್ರೆ. ಜರುಗಿ ಅತ್ಲಾಗೆ, ಮಳವಳ್ಳಿ ಗಂಟ ನಾನ್ ಬತ್ತೀನಿ. ಎಂಗೂ ಕಾಗ್ದ ಕೊಡ್ಬೇಕಲ್ಲ.”

ಒಳಗೆ ಹೋಗಿ ಖಾಕಿ ಷರಟು ಹಾಕಿಕೊಂಡು ಬಂದರು. ದೊಡ್ಡಪ್ಪ ಬಲಕ್ಕೆ ಸರಿದು ಕೂತರು. ಮಳವಳ್ಳಿಯ ತನಕ ಕಾರು ಒಂದು ಕಡೆಯೂ ಎಗರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿ ಇಳಿದರು. ಬಾಗಿಲನ್ನು ಸದ್ದಾಗದಂತೆ ಮುಚ್ಚಿದರು. ಜೇಬಿನ ಮೇಲೆ ಕೈಯಿಟ್ಟು ಕಾಗದ ಇದೆಯೆಂದು ನೋಡಿಕೊಂಡು, ರಸ್ತೆ ದಾಟಿ ಎದುರಿಗಿದ್ದ ಬಸ್ಸಿನವರ ಕಚೇರಿಯ ಕಡೆ ನಡೆದರು. ದೊಡ್ಡಪ್ಪ ಮತ್ತೆ ಸ್ಟೇರಿಂಗಿನ ಮುಂದೆ ಕೂತರು. ಇಂಜಿನ್ನು ಒಂದು ಸಲ ಕುಲುಕಿ ನಿಂತಿತು. ಮತ್ತೆ ಹೊರಡಿಸಿದರು, ಮತ್ತೆ ನಿಂತಿತು. ಕಚೇರಿಯ ಮೆಟ್ಟಿಲ ಮೇಲಿದ್ದ ಡ್ರೈವರಣ್ಣ ಆ ಸದ್ದಿಗೆ ತಿರುಗಿ ನಿಂತರು. ಮೂರನೆಯ ಸಲ ಕಾರು ಹೊರಟಿತು. ಅವರು ಒಳಗೆ ಹೋದರು.